ಮಿತ್ಸಾಳ ಬೆಚ್ಚನೆ ಮೂಲೆ

“ಆ ಕೆಂಪು ದೀಪ ಆರಿಸ್ತೀಯೋ ಇಲ್ವೋ? ಬೀದೀಲಿ ಹೋಗೋರೆಲ್ಲ ನಮ್ಮ ಕಿಟಕಿ ನೋಡ್ಕೊಂಡೇ ಹೋಗ್ತಿದ್ದಾರೆ. ಇದು ಮರ್ಯಾದಸ್ಥರ ಮನೆ ಕಣೇ!”

ರಾದೋಯ್ಕಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಸೊಸೆ ದುನ್ಯಾ ಗಾಜಿನ ಗೂಡಿನ ಮುಂದೆ ಮಂಡಿಯೂರಿ ಕೂತಿದ್ದಳು. ಒಳಗೆ ಮಿತ್ಸಾ, ಅಂದರೆ ದುನ್ಯಾ ತವರಿನಿಂದ ತಂದ ಗಿಡ್ಡ ಹೆಬ್ಬಾವು, ತಲೆಯನ್ನು ಸುರುಳಿಯ ಅಡಿಗೆ ತೂರಿಸಿಕೊಂಡಿತ್ತು. ಮದುವೆಯಾಗಿ ದುನ್ಯಾ ನಿಶ್ ಪಟ್ಟಣದ ಈ ಮನೆಗೆ ಬಂದಾಗಿನಿಂದ ಅದು ಒಂದು ಇಲಿಯನ್ನೂ ಮುಟ್ಟಿರಲಿಲ್ಲ.

“ಅದು ಕಾವಿಗೆ ಹಾಕಿರೋದು. ಹಾವಿಗೆ ಕೆಂಪು ಬೆಳಕು ಕಾಣಲ್ಲ ಅಂತ ಅಂಗಡಿಯವನು ಹೇಳಿದ, ಅತ್ತೆ.”

“ಕಾಣದಿದ್ರೆ ಯಾಕೆ ಮುಖ ಮುಚ್ಕೊಂಡಿದೆ? ನೋಡು, ನನ್ನ ಸೂರಿನ ಕೆಳಗೆ ಯಾರೂ ಹಸ್ಕೊಂಡು ಇದ್ದದ್ದಿಲ್ಲ. ಸ್ಲಾವಾ ಹಬ್ಬದ ಹೊತ್ತಿಗೆ ತಿಂದ್ರೆ ಇರ್ಲಿ. ಇಲ್ಲಾಂದ್ರೆ ಅವತ್ತು ನಿಮ್ಮಣ್ಣ ಬರ್ತಾನಲ್ಲ, ಅವನ ಜೊತೆ ಕಳಿಸ್ಬಿಡು. ಹಬ್ಬದ ಮನೇಲಿ ಸಾವು ಬೇಡಪ್ಪಾ!”

ಸ್ಲಾವಾಕ್ಕೆ, ಅಂದರೆ ಮನೆತನ ಕಾಯುವ ಸಂತ ನಿಕೋಲಾನ ಹಬ್ಬಕ್ಕೆ, ಉಳಿದಿದ್ದು ಒಂದೇ ವಾರ. ಗಂಡನೋ ಡ್ಯಾನ್ಯೂಬ್ ನದಿಯ ಸರಕು ದೋಣಿಯಲ್ಲಿ ಎಲ್ಲೋ ದೂರದಲ್ಲಿದ್ದ. ಈ ಮನೆಯಲ್ಲಿ ದುನ್ಯಾಳಿಗೆ ತನ್ನದು ಅಂತ ಇದ್ದದ್ದು ಆ ಹಾವೊಂದೇ. ಅದನ್ನು ಕಳಿಸಿದರೆ ಅದರ ಹಿಂದೆಯೇ ತಾನೂ ಹೊರಟುಬಿಡುತ್ತೇನೇನೋ ಎಂದು ಅವಳಿಗೆ ತನ್ನ ಮೇಲೇ ಭಯ.

ಮರುದಿನವೇ ಕೆಂಪು ಬಲ್ಬು ಅಂಗಡಿಗೆ ವಾಪಸಾಯಿತು. ಅದರ ಬದಲಿಗೆ ಪಿಂಗಾಣಿಯ ಹೀಟರ್ ಬಂತು. ಬೆಳಕಿಲ್ಲ, ಬರೀ ಶಾಖ. ಅದನ್ನು ಗೂಡಿನ ಒಂದು ತುದಿಗೆ ಹಾಕಿ, ಕಾವು ಹೆಚ್ಚಾದರೆ ತಾನಾಗಿ ಆರುವಂತೆ ಥರ್ಮೋಸ್ಟಾಟ್ ಕೂಡಿಸಿದಳು. ಇನ್ನೊಂದು ತುದಿ ತಂಪಾಗಿಯೇ ಇರಲಿ ಎಂದು ಬಿಟ್ಟಳು. ಹಗಲಿಗೊಂದು ಮಂದ ಬಿಳಿ ದೀಪ, ಸಂಜೆಯಾದರೆ ಅದೂ ಇಲ್ಲ. ಮಿತ್ಸಾ ಸುರುಳಿ ಸಡಿಲಿಸಿತು, ನೀರು ಕುಡಿಯಿತು. ಇಲಿಯನ್ನು ಮಾತ್ರ ಮೂಸಿಯೂ ನೋಡಲಿಲ್ಲ.

ಹಬ್ಬದ ಹಿಂದಿನ ಸಂಜೆ ದುನ್ಯಾ ಕೆಲಸದಿಂದ ಬಂದು ನೋಡುತ್ತಾಳೆ, ಗಾಜಿನ ಮೇಲೆಲ್ಲ ಹಬೆ. ಗಾಳಿಯ ಕಿಂಡಿಗಳಿಗೆಲ್ಲ ಉಣ್ಣೆಯ ಚಿಂದಿ ತುರುಕಿದೆ! ಮಿತ್ಸಾ ಸೆಕೆ ತಾಳದೆ ನೀರಿನ ಬಟ್ಟಲಿಗಿಳಿದು ಬಿದ್ದುಕೊಂಡಿದೆ.

“ಅತ್ತೆ! ಸಾಯಿಸ್ಬೇಕು ಅಂತಿದ್ರೆ ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?”

ರಾದೋಯ್ಕಾ ಮೀನು ಉಜ್ಜುತ್ತಿದ್ದ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. “ಸಾಯ್ಸೋದಾ? ಆ ಕಡೆಗೂ ತೂತು, ಈ ಕಡೆಗೂ ತೂತು, ಮಧ್ಯೆ ಪ್ರೊಮಾಯಾ ನುಗ್ತಿದೆ! ಆ ಅಡ್ಡಗಾಳಿ ಬಡಿದೇ ನಮ್ಮ ಚಿಕ್ಕಪ್ಪನ ಕುತ್ತಿಗೆ ಹಿಡ್ಕೊಂಡಿದ್ದು. ಇದಕ್ಕೋ, ಪಾಪ, ಮೈಯೆಲ್ಲಾ ಕುತ್ತಿಗೇನೇ! ಹಿಡ್ಕೊಂಡ್ರೆ ಏನು ಗತಿ ಅಂತ ನನ್ನ ಕಾಲುಚೀಲ ಹರಿದು ತುಂಬಿದೀನಿ. ನನಗೇ ಬೈತೀಯಲ್ಲೇ!”

ದುನ್ಯಾಳ ಕೋಪ ಅರ್ಧದಲ್ಲೇ ನಿಂತಿತು. ನಗು ಬಂತು, ಹಿಂದೆಯೇ ಅಳುವೂ ಬಂತು. ಚಿಂದಿಗಳನ್ನು ಒಂದೊಂದಾಗಿ ಕಿತ್ತಳು. “ಅದಕ್ಕೆ ಗಾಳಿ ಬೇಕು ಅತ್ತೆ. ಒಂದು ಕಡೆ ಬಿಸಿ, ಒಂದು ಕಡೆ ತಂಪು. ಬೇಕಾದ ಕಡೆ ಅದೇ ಹೋಗತ್ತೆ.”

“ಅದೃಷ್ಟ ಅಂದ್ರೆ ಅದರದ್ದು! ನಾನು ಈ ಮನೆಗೆ ಬಂದಾಗ ಬಿಸಿ ಬೇಕಾ, ತಂಪು ಬೇಕಾ ಅಂತ ನನ್ನ ಯಾರು ಕೇಳಿದ್ರು?” ಎಂದು ರಾದೋಯ್ಕಾ ಮೂಗು ಒರೆಸಿಕೊಂಡು ಒಳಗೆ ಹೋದಳು.

ಹಬ್ಬದ ದಿನ ಕರೆಯದೆಯೇ ಬರುವ ನೆಂಟರಿಂದ ಮನೆ ತುಂಬಿಹೋಯಿತು. ದುನ್ಯಾಳ ಅಣ್ಣ ಹಾವು ಒಯ್ಯಲು ಪೆಟ್ಟಿಗೆ ತಂದಿದ್ದ. ಕೊನೆಯ ಪ್ರಯತ್ನವೆಂದು ದುನ್ಯಾ ಬೆಚ್ಚನೆ ಮೂಲೆಯಲ್ಲಿ ಬೆಳಿಗ್ಗೆ ಇಟ್ಟ ಸತ್ತ ಇಲಿ ಇಟ್ಟಲ್ಲೇ ಇತ್ತು. ನೆಂಟರೆಲ್ಲ ಗಾಜಿಗೆ ಮೂಗು ಒತ್ತಿ ನಿಂತಿದ್ದರು.

“ಹೋಗ್ರೋ ಅಲ್ಲಿಂದ!” ರಾದೋಯ್ಕಾ ಕೋಳಿ ಓಡಿಸುವಂತೆ ಎಲ್ಲರನ್ನೂ ಓಡಿಸಿದಳು. “ಹೊಸದಾಗಿ ಬಂದಿರೋದು. ದೀಪ ಹಾಕಿ, ಸುತ್ತ ನಿಂತು ನೋಡ್ತಿದ್ರೆ ಯಾರಿಗೆ ತಾನೇ ತುತ್ತು ಗಂಟಲಲ್ಲಿ ಇಳಿಯತ್ತೆ?” ತಾನೇ ಬಿಳಿ ದೀಪ ಆರಿಸಿ, ಕಿಂಡಿಗಳನ್ನು ಮುಚ್ಚದೆ ಬಿಟ್ಟು, ಎದುರಿನ ಗಾಜಿಗೆ ಕಸೂತಿಯ ಮೇಜುಬಟ್ಟೆ ಇಳಿಬಿಟ್ಟಳು.

ಪಾದ್ರಿ ಬಂದು ಹಬ್ಬದ ರೊಟ್ಟಿಗೆ ಪ್ರಾರ್ಥನೆ ಹೇಳುತ್ತಿದ್ದಾಗ ಬಟ್ಟೆಯ ಹಿಂದೆ ಧಪ್ ಎಂದು ಸದ್ದಾಯಿತು. ದುನ್ಯಾ ಅಂಚು ಎತ್ತಿ ನೋಡಿದಳು. ಮಿತ್ಸಾಳ ಬಾಯಿಂದ ಇಲಿಯ ಬಾಲವಷ್ಟೇ ನೇತಾಡುತ್ತಿತ್ತು. ಅವಳು ಪ್ರಾರ್ಥನೆಯ ಮಧ್ಯದಲ್ಲೇ ಅತ್ತೆಯನ್ನು ಬಿಗಿದಪ್ಪಿಕೊಂಡಳು. ಅಣ್ಣ ಪೆಟ್ಟಿಗೆಯನ್ನು ಮೆಲ್ಲಗೆ ಕಾಲಿನಿಂದ ಕುರ್ಚಿಯಡಿಗೆ ತಳ್ಳಿದ.

ಕ್ರಿಸ್‌ಮಸ್‌ಗೆ ಮುಂಚಿನ, ಮಾಂಸ ಮುಟ್ಟದ ಉಪವಾಸದ ದಿನಗಳವು. ಮೇಜಿನ ಮೇಲೆ ಮೀನು, ಬೀನ್ಸ್ ಕಾಳು ಬಿಟ್ಟರೆ ಬೇರೇನೂ ಇರಲಿಲ್ಲ. ಪಾದ್ರಿ ಬಗ್ಗಿ ಗೂಡಿನೊಳಗೆ ನೋಡಿ ಹುಬ್ಬೇರಿಸಿದರು. “ಏನಮ್ಮ ರಾದೋಯ್ಕಾ, ಇವತ್ತು ನಿನ್ನ ಮನೇಲಿ ಮಾಂಸ?”

“ಗುರುಗಳೇ, ಈ ಮನೇಲಿ ನಮ್ಮೆಲ್ಲರಿಗಿಂತ ಮೊದಲು ಉಪವಾಸ ಹಿಡಿದೋಳು ಮಿತ್ಸಾ,” ಎಂದಳು ರಾದೋಯ್ಕಾ, ಸೊಸೆಯ ಕೈ ಬಿಡದೆ. “ಅವಳದ್ದು ಇವತ್ತಿಗೆ ಮುಗೀತು.”