ಹಿಡಿ ಜೋಳ

ಬೀಸುಕಲ್ಲಿಗೆ ಸುರಿದ ಜೋಳದ ವಾಸನೆ ಬಂದರೆ ಈಗಲೂ ನನ್ನ ಬಲಗೈ ತಾನಾಗಿ ಮುಷ್ಟಿಯಾಗುತ್ತದೆ.

ನಿಜಾಮರ ಕಾಲ. ಮಸ್ಕಿ ಹತ್ತಿರದ ನಮ್ಮ ಕೇರಿಯಲ್ಲಿ ಯೇಸುವನ್ನು ನಂಬಿದ ಪ್ರತಿ ಮನೆಯ ಒಲೆಯ ಪಕ್ಕ ಒಂದು ಗಡಿಗೆ ಇರುತ್ತಿತ್ತು. ಬೀಸುವ ಮುಂಚೆ ಹೆಂಗಸರು ಅದಕ್ಕೆ ಹಿಡಿ ಜೋಳ ಹಾಕುತ್ತಿದ್ದರು. ಭಾನುವಾರ ಅದು ಪ್ರಾರ್ಥನೆಯ ಗುಡಿಗೆ ಹೋಗಿ, ಅಲ್ಲಿಂದ ಇಲ್ಲದವರ ಮನೆ ಸೇರುತ್ತಿತ್ತು.

ಅಪ್ಪ ಜ್ವರದಿಂದ ಹಾಸಿಗೆ ಹಿಡಿದಿದ್ದ. ಒಂದು ಮಧ್ಯಾಹ್ನ ಮನೆಯ ಜೋಳದ ಚೀಲ ಬರಿದಾಯಿತು. ನಾನು ಗಡಿಗೆಗೆ ಕೈ ಹಾಕಿದೆ.

“ಮುಟ್ಟಬ್ಯಾಡ, ಅದು ಇಲ್ಲದೋರ ಪಾಲು,” ಎಂದಳು ಅವ್ವ.

“ನಾವೇ ಇಲ್ಲದೋರು ಅಲ್ಲೇನಬೇ ಯವ್ವಾ?”

ಅವ್ವ ಬರಿಯ ಬೀಸುಕಲ್ಲನ್ನೇ ಒರೆಸುತ್ತಾ ಕುಳಿತಳು.

ಹೊತ್ತು ಇಳಿಯುವಾಗ ಗುಡಿಯಲ್ಲಿ ಪ್ರಾರ್ಥನೆ ನಡೆಸುವ ಅಯ್ಯನವರು ಮೊರದ ತುಂಬ ಜೋಳ ತಂದರು. “ಗುಡಿದು ಐತಿ, ಸಂಕೋಚ ಮಾಡಬ್ಯಾಡ್ರಿ ತಾಯಿ,” ಎಂದರು. ಅವ್ವ ತಲೆ ತಗ್ಗಿಸಿ ಸೆರಗೊಡ್ಡಿದಳು.

ಅವರು ಹೋದ ಮೇಲೆ ನಾನು ಬೀಸುಕಲ್ಲಿನ ಗೂಟ ಹಿಡಿದು ಕಾದೆ. ಅವ್ವ ಕಣ್ಣು ಮುಚ್ಚಿ ಸ್ತೋತ್ರ ಹೇಳಿ, ನನ್ನ ಕೈಯನ್ನು ಆ ಜೋಳದೊಳಗೆ ಇಟ್ಟಳು. ಗಡಿಗೆಗೆ ಹಾಕುವುದೆಂದು ತಿಳಿಯಿತು. ಹಸಿದಿದ್ದ ನಾನು ನಾಲ್ಕೇ ಕಾಳು ಹಿಡಿದೆ.

“ಹಿಡಿ ತುಂಬಲಿಬೇ,” ಎಂದಳು ಅವ್ವ. “ಇವತ್ತ ನಮ್ಮನ್ಯಾಗ ಐತಲ್ಲ.”