ಮದುಮಗಳ ಸೀರೆ

ನೇಯ್ದ ಸೀರೆಗಳು ಮಾರಾಟವಾಗದೆ ನೀಲಗಂಗಾ ಕಂಗೆಟ್ಟಿದ್ದಳು. ಗಂಡ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋದಮೇಲೆ ಮಗ್ಗವೇ ಅವಳಿಗೆ ಆಸರೆ.

ನೇಕಾರರ ಸಂಘಕ್ಕೆ ಹೊಸದಾಗಿ ಬಂದಿದ್ದ ಮಲ್ಲೇಶಿ ಕಂಪ್ಯೂಟರ್ ತೆರೆದ. “ಇದು ನೋಎಸ್‌ಕ್ಯೂಎಲ್ ಡೇಟಾಬೇಸ್, ಅಕ್ಕಾ. ಇದ್ರಾಗ ಯಾವುದಕ್ಕ ಯಾವುದು ಸಂಬಂಧ ಅಂತ ಹೇಳೂ ಕೋಷ್ಟಕ ಇರಂಗಿಲ್ಲ. ನಿನ್ನ ಸೀರಿ ವಿವರಾನೂ ಗಿರಾಕಿ ಬೇಡಿಕೀನೂ ಹೆಂಗ ಐತೊ ಹಂಗ ಹಾಕ್ತೀವಿ. ಸಂಘದ ಆ್ಯಪ್ ಅದನ್ನ ಹೊಂದಿಸಿ ಜೋಡಿ ಹಚ್ಚತೈತಿ.”

ಬಣ್ಣ, ಅಂಚು, ಸೆರಗು ಎಲ್ಲವನ್ನೂ ತುಂಬಿದೊಡನೆ ಗಿರಾಕಿ ಸಿಕ್ಕಿದ.

“ಇಂಥಾದ್ದ ಬೇಕಂತ ನೋಡ. ತನ್ನ ಮದುವ್ಯಾಗ ಮದುಮಗಳಿಗೆ ಉಡಸಾಕ.”

ನೀಲಗಂಗಾ ಕೈಮುಗಿದಳು. “ನನ್ನ ಸೀರಿ ಉಟ್ಟಾಕಿ ನೂರ್ಕಾಲ ಮುತ್ತೈದಿಯಾಗಿ ಬಾಳ್ಲಿ. ಯಾರಪಾ ಆ ಪುಣ್ಯಾತ್ಮ?”

ಮಲ್ಲೇಶಿ ಪರದೆಯನ್ನು ಅವಳತ್ತ ತಿರುಗಿಸಿದ. ಗಿರಾಕಿಯ ಫೋಟೊದಲ್ಲಿ ಅವಳ ಗಂಡ ನಗುತ್ತಿದ್ದ.