ಅಮ್ಮನ ಹೆಸರಿನ ಬೋರ್ಡು

ಆ ಶುಕ್ರವಾರ ಬೆಳಿಗ್ಗೆ ಎಂಟು ದಾಟಿದರೂ ಮಂಜು ನೆಲ ಬಿಟ್ಟಿರಲಿಲ್ಲ. ಸೊರಬದ ರಸ್ತೆಯಲ್ಲಿ ಬಸ್ಸುಗಳು ದೀಪ ಹಾಕಿಕೊಂಡೇ ಬರುತ್ತಿದ್ದವು. ಹೈಸ್ಕೂಲಿನ ಗೇಟಿನಲ್ಲಿ ನಿಂತರೆ ಎದುರಿನ ಗುಡ್ಡಮ್ಮನ ಅಂಗಡಿ ಕಾಣುತ್ತಿರಲಿಲ್ಲ. ಅದರ ನೆತ್ತಿಯ ಮೇಲಿನ ತಗಡಿನ ಬೋರ್ಡು, ಬೋರ್ಡಿನಲ್ಲಿ ಬಂಗಾರದ ಬಣ್ಣದ ದೊಡ್ಡ ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಅದು ಒಂದು ಜರ್ದಾ ಕಂಪನಿಯ ಹೆಸರು.

"ಮೂವತ್ತೆರಡು ಮೀಟರ್," ಎಂದು ಹರ್ಷವರ್ಧನ ಟೇಪು ಸುತ್ತಿದ. ಶಾಲೆಗಳ ಸುತ್ತಮುತ್ತ ಅಂಗಡಿಗಳಲ್ಲಿರುವ ತಂಬಾಕಿನ ಜಾಹೀರಾತು ಇಳಿಸುವುದೆಂದು ಶಿಕಾರಿಪುರದ ಕಾಲೇಜಿನ ಮಕ್ಕಳು ಹೊರಟಿದ್ದರು. ಹದಿನೇಳು ಅಂಗಡಿ ಮುಗಿದಿದ್ದವು. "ನಿಮ್ಮೂರಿನ ಅಂಗಡೀನೇ ಕೊನೆಗಿಟ್ಟಿದ್ದೀಯಲ್ಲ ನಾಗಶ್ರೀ, ಯಾಕೆ?"

ನಾಗಶ್ರೀ ಅಂಗಡಿಯ ಕಡೆ ಹೆಜ್ಜೆ ಹಾಕಿದಳು. ಹತ್ತು ವರ್ಷದಿಂದ ಗಂಟಲಲ್ಲಿ ಕೂತ ಮಾತು ಒಂದಿತ್ತು. ಅದು ಇವತ್ತು ಹೊರಗೆ ಬರಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಅವರು ಹತ್ತಿರ ಹೋದಾಗ ಗುಡ್ಡಮ್ಮ ಸ್ಟೂಲು ಹತ್ತಿ ನಿಂತಿದ್ದಳು. ಎಡಗೈಯಲ್ಲಿ ಕುಂಕುಮದ ಬಟ್ಟಲು. ಒಂದೊಂದು ದೊಡ್ಡ ಅಕ್ಷರಕ್ಕೂ ಒಂದೊಂದು ಬೊಟ್ಟಿಟ್ಟು, ಊದುಬತ್ತಿ ಬೆಳಗಿ, ಕಣ್ಣುಮುಚ್ಚಿ ಕೈ ಮುಗಿದಳು.

"ಇದೇನು, ಜರ್ದಾಕ್ಕೆ ಮಂಗಳಾರತಿ?" ಹರ್ಷವರ್ಧನ ಪಿಸುಗುಟ್ಟಿದ.

"ನಗಬೇಡ ನೀನು," ಎಂದಳು ನಾಗಶ್ರೀ.

ಗುಡ್ಡಮ್ಮ ಮೆಲ್ಲಗೆ ಇಳಿದಳು. "ಏನ್ ನಾಗಿ, ಪ್ಯಾಟಿ ಹುಡುಗನ್ನ ಕರ್ಕಂಡು ಬಂದೀಯಲ್ಲ. ಆಗಿಂದ ಅಳತಿ ಮಾಡ್ಲಿಕ್ಕೆ ಹತ್ಯಾನ. ನನ್ನ ಅಂಗಡಿ ಕೊಂಡ್ಕೊಳ್ತಾನೇನು?"

ಹರ್ಷವರ್ಧನ ಕಾನೂನು ಹೇಳಿದ, ಶಾಲೆಯ ಮಕ್ಕಳ ವಿಷಯ ಹೇಳಿದ, ಕೈಯಲ್ಲಿದ್ದ ಫಾರಂ ತೋರಿಸಿದ. ಗುಡ್ಡಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಎದುರಿಗೆ ತೂಗುಬಿಟ್ಟಿದ್ದ ಪೊಟ್ಟಣದ ಸರಗಳನ್ನು ತಾನೇ ಬಿಚ್ಚಿ ಒಳಗಿನ ಡಬ್ಬಕ್ಕೆ ಹಾಕಿದಳು. "ಇದನ್ನ ಮಾರಬ್ಯಾಡ ಅಂದ್ರ ಮಾರೋದಿಲ್ಲ, ಆತು. ಆದ್ರ ಬೋರ್ಡಿಗೆ ಕೈ ಹಚ್ಚಬ್ಯಾಡ್ರಿ. ಅದು ಅಮ್ಮನ ಹೆಸರು. ಮಂಗನ ಕಾಯಿಲೆ ಬಂದು ಜ್ವರದಾಗ ಎಚ್ಚರಿಲ್ಲದೆ ಮಲಗಿದ್ದೆ. ಚಂದ್ರಗುತ್ತಿ ರೇಣುಕಮ್ಮಾ, ಎದ್ದೆ ಅಂದ್ರ ನಿನ್ನ ಹೆಸರಿನಾಗ ಅಂಗಡಿ ಹಾಕಿ, ಅದರ ನೆಳ್ಳಿನಾಗ ಕೂರ್ತೀನಿ ಅಂತ ಹರಕಿ ಹೊತ್ತೆ. ಎದ್ದೆ. ಇದ್ದ ನಾಕು ಕುರಿ ಮಾರಿ ಅಂಗಡಿ ಹಾಕ್ದೆ. ಆ ಹೆಸರು ಇಳಿಸಿದ್ರ ನಾನು ಯಾರ ಕೆಳಗ ಕೂರ್ಲಿ?"

"ಅಜ್ಜಿ, ಅದರಲ್ಲಿ ಬರೆದಿರೋದು..." ಎಂದು ಹರ್ಷವರ್ಧನ ಬಾಯಿ ತೆರೆದ. ನಾಗಶ್ರೀ ಅವನ ಮುಂಗೈ ಹಿಡಿದು ನಿಲ್ಲಿಸಿದಳು. "ನಾನು ಹೇಳ್ತೀನಿ. ನಾನೇ ಹೇಳಬೇಕು."

ಅವಳು ಅಜ್ಜಿಯ ಕಡೆ ತಿರುಗಿದಳು. "ಬೋರ್ಡು ಹಾಕಿದ ದಿನ ನೆನಪೈತಾ ಅಜ್ಜಿ? ನಾನು ನಾಲ್ಕನೇ ಕ್ಲಾಸು."

"ಇಲ್ದೇ ಏನು? ಕಂಪನಿಯೋರು ಪುಕ್ಕಟೆ ಹಾಕಿಕೊಟ್ಟು ಹೋದ್ರು. ಎದ್ದು ಕಾಣೋದು ಅಮ್ಮನ ಹೆಸರೇ ಹೌದಲ್ಲೋ ಅಂತ ನಿನ್ನೇ ಕರೆದು ಕೇಳ್ದೆ. ಹೌದಜ್ಜಿ ಅಂದಿ."

"ಬೊಗಸೆ ತುಂಬ ಪೆಪ್ಪರಮೆಂಟು ಕೊಟ್ಟೆ ನೀನು."

"ಕೊಡ್ದೆ ಮತ್ತ? ಅಮ್ಮನ ಹೆಸರು ಓದಿದ ಬಾಯಿ ಅದು."

ನಾಗಶ್ರೀ ಬೋರ್ಡಿನ ಕಡೆ ಕೈ ತೋರಿಸಿದಳು. "ನಾನು ಸುಳ್ಳು ಹೇಳಿದ್ದೆ ಅಜ್ಜಿ. ಅದು ಜರ್ದಾ ಹೆಸರು. ನಿನ್ನ ಮುಖದಾಗ ಅಷ್ಟು ಸಂತೋಷ ಇತ್ತು, ಅಲ್ಲ ಅನ್ನಾಕೆ ಬಾಯಿ ಬರಲಿಲ್ಲ. ಆಮೇಲೆ ದಿನ ಹೋದಂಗೆ ಹೋದಂಗೆ ಹೇಳೋದು ಇನ್ನೂ ಕಷ್ಟ ಆತು."

ಗುಡ್ಡಮ್ಮ ಬಯ್ಯಲಿಲ್ಲ. ಬೈದಿದ್ದರೆ ಆ ಹುಡುಗಿಯ ಎದೆ ಎಷ್ಟೋ ಹಗುರಾಗುತ್ತಿತ್ತು. ಅಜ್ಜಿ ತಲೆಯೆತ್ತಿ ಬೋರ್ಡನ್ನೇ ನೋಡುತ್ತ ನಿಂತಳು. ಅವಳಿಗೆ ಅಕ್ಷರ ಬಾರದು. ಹತ್ತು ವರ್ಷದ ಐನೂರು ಶುಕ್ರವಾರ ಮಾತ್ರ ಅಲ್ಲಿ ಕಾಣುತ್ತಿದ್ದವೇನೋ. ಒಂದು ಬಸ್ಸು ಬಂದು ಮಕ್ಕಳನ್ನಿಳಿಸಿ ಮಂಜಿನೊಳಕ್ಕೆ ಹೋಯಿತು.

"ಓದು ಬಲ್ಲೋರು ಊರ ತುಂಬ ಅದಾರ," ಎಂದಳು ಕೊನೆಗೆ. "ಮೇಷ್ಟ್ರು, ಪಂಚಾಯ್ತಿಯೋರು, ಎಲ್ಲಾ ಇದೇ ಬೋರ್ಡಿನ ಕೆಳಗ ನಿಂತು ಎಲೆ ಅಡಿಕಿ ಹಾಕ್ಕೊಂಡು ಹೋಗ್ಯಾರ. ನಾನು ಪೂಜಿ ಮಾಡೋದು ನೋಡ್ಯಾರ. ಒಬ್ಬರಿಗೂ ಹೇಳಬೇಕು ಅನ್ನಿಸಲಿಲ್ಲಲ್ಲ."

ಹರ್ಷವರ್ಧನ ಫಾರಂ ಮಡಚಿ ಜೇಬಿಗಿಟ್ಟ.

"ಹಂಗಾರ ನಾಗಿ," ಗುಡ್ಡಮ್ಮನ ದನಿ ತೀರ ಸಣ್ಣದಾಯಿತು, "ಅಮ್ಮ ಅದರಾಗ ಇಲ್ಲೇ ಇಲ್ಲೇನು?"

"ಅದಾಳ ಅಜ್ಜಿ."

"ಇಳಸ್ರಿ ಹಂಗಾರ. ತೋರ್ಸು ನನಗ."

ಇಬ್ಬರೂ ಮೊಳೆ ಕಿತ್ತು ಬೋರ್ಡು ಇಳಿಸಿ ಬೆಂಚಿನ ಮೇಲೆ ಅಂಗಾತ ಇಟ್ಟರು. ನಾಗಶ್ರೀ ಅಜ್ಜಿಯ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. ಬಂಗಾರದ ಅಕ್ಷರಗಳನ್ನು ದಾಟಿಸಿ, ಜರ್ದಾ ಡಬ್ಬಿಯ ಚಿತ್ರವನ್ನು ದಾಟಿಸಿ, ಬಲಗಡೆ ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದ ಅಂಗಡಿಯ ಹೆಸರಿನ ಹತ್ತಿರಕ್ಕೆ ತಂದಳು. ಅಲ್ಲಿಗೆ ಯಾವ ಶುಕ್ರವಾರವೂ ಕುಂಕುಮ ಬಂದಿರಲಿಲ್ಲ. ರಸ್ತೆಯ ಧೂಳು ಕೂತಿತ್ತು. ವೇಲಿನ ತುದಿಯಿಂದ ಧೂಳು ಒರೆಸಿ, ಆ ಕೈಯನ್ನು ಮೆಲ್ಲಗೆ ಅಲ್ಲಿಟ್ಟಳು.

ಗುಡ್ಡಮ್ಮನ ಅಂಗೈ ಅಡಿಯಲ್ಲಿ ಅಮ್ಮನ ಹೆಸರು ಇಡಿಯಾಗಿ ಮುಚ್ಚಿಹೋಯಿತು.